ನಾಟಿ ಸೊಗಡವರೆ ಬೀಜ: ಬೀಜಕ್ಕೆ ಐದು ಸ್ಟಾರ್, ಲೇಬಲ್ಲಿಗೆ ಸೊನ್ನೆ

ಎರಡು ವರ್ಷದ ಹಿಂದೆ ಒಂದು ಬೀಜಮೇಳದಲ್ಲಿ 60 ರೂಪಾಯಿ ಕೊಟ್ಟು ಈ ಪ್ಯಾಕೆಟ್ ತಂದಿದ್ದೆ. 50 ಗ್ರಾಂ, ಎಣಿಸಿದರೆ ಇನ್ನೂರು ಕಾಳಿನ ಮೇಲೆಯೇ ಇದ್ದವು. ಅಂಗಡಿ ಹೆಸರು ಬರೆಯುವುದಿಲ್ಲ. ಯಾಕೆ ಅಂದರೆ ಬೀಜ ಅಪ್ಪಟ ನಾಟಿ, ತಂಟೆಯೆಲ್ಲ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿದ್ದ ಒಂದು ಸಾಲಿನದು: "ವರ್ಷಪೂರ್ತಿ ಬಿತ್ತಬಹುದು, 60 ದಿನಕ್ಕೆ ಕಾಯಿ". ನಾನು ನಂಬಿ ಏಪ್ರಿಲ್‌ನಲ್ಲೇ ಬಿತ್ತಿದೆ.

ಮೊಳಕೆ ಬಗ್ಗೆ ದೂರಿಲ್ಲ. ನೆನೆಹಾಕದೆ, ಹಿತ್ತಲ ಮಣ್ಣಿನಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ 20 ಕಾಳು ಹಾಕಿದ್ದೆ. ಆರನೇ ದಿನಕ್ಕೆ 17 ತಲೆ ಎತ್ತಿದ್ದವು. ಚೆನ್ನಾಗಿದ್ದ ನಾಲ್ಕು ಉಳಿಸಿಕೊಂಡೆ.

ಜೂನ್ ಹೊತ್ತಿಗೆ ಬಳ್ಳಿ ಬಟ್ಟೆ ಒಣಹಾಕುವ ತಂತಿ ಪೂರ್ತಿ ಹಿಡಿದು ಪಕ್ಕದ ಮನೆಯವರ ಕಿಟಕಿ ಸರಳಿಗೂ ಸುತ್ತಿಕೊಂಡಿತ್ತು. ಎಲೆ ಅಂಗೈ ಅಗಲ. ಹೂ ಒಂದೂ ಇಲ್ಲ. ಅಂಗಡಿಗೆ ಫೋನ್ ಮಾಡಿದರೆ "ಗೊಬ್ಬರ ಸಾಲ್ತಾ ಇಲ್ಲ ಮೇಡಂ, ಯೂರಿಯಾ ಹಾಕಿ" ಅಂದರು. ಹಾಕಿದೆ, ಇನ್ನಷ್ಟು ಎಲೆ ಬಂತು. ಅವರೆ ತನಗೆ ಬೇಕಾದ ಸಾರಜನಕವನ್ನು ಬೇರಿನ ಗಂಟಿನಲ್ಲೇ ಮಾಡಿಕೊಳ್ಳುವ ಗಿಡ, ಅದಕ್ಕೆ ಯೂರಿಯಾ ಸುರಿದರೆ ಸೊಪ್ಪಲ್ಲದೆ ಇನ್ನೇನು ಬರುತ್ತೆ?

ಚಿಂತಾಮಣಿ ಕಡೆಯಿಂದ ನಮ್ಮ ಸೋದರತ್ತೆ ಬಂದವರು ಹಿತ್ತಲು ನೋಡಿ ನಗೋಕೆ ಶುರು ಮಾಡಿದರು. "ಯುಗಾದಿ ಮುಗಿದ ಕೂಡ್ಲೆ ಅವರೆ ಹಾಕು ಅಂತ ಯಾರಮ್ಮಾ ಹೇಳಿದ್ದು ನಿಂಗೆ? ಚಳಿ ಬರೋವರೆಗೂ ಅದು ಹೂ ಬಿಡಲ್ಲ. ಸುಮ್ನೆ ಕಾಯ್ತಾ ಇರು." ಅವರ ಕಡೆ ಮಳೆಗಾಲದಲ್ಲಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಗೆ ಬಿಡುವ ಸಾಲಿಗೆ, ಹಾಕುತ್ತಾರೆ. ರಾಗಿ ಕೊಯ್ದ ಮೇಲೆ ಹೊಲವೆಲ್ಲ ಅವರೆಯದೇ.

ಅತ್ತೆ ಹೇಳಿದ್ದಕ್ಕೆ ಕಾರಣ ಇದೆ. ನಾಟಿ ಅವರೆ ಹೂ ಬಿಡುವುದಕ್ಕೆ ಕಾಯುವುದು ಉದ್ದ ರಾತ್ರಿಗೆ. ಬೆಂಗಳೂರಿನಲ್ಲಿ ಜೂನ್ ಹಗಲಿಗೂ ಡಿಸೆಂಬರ್ ಹಗಲಿಗೂ ಸುಮಾರು ಒಂದೂವರೆ ಗಂಟೆ ಮಾತ್ರ ವ್ಯತ್ಯಾಸ, ಆದರೂ ಗಿಡಕ್ಕೆ ಅದು ಗೊತ್ತಾಗುತ್ತೆ! ವರ್ಷಪೂರ್ತಿ ಬರುವ ಅವರೆ ಬೇರೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಯಾವ ಕಾಲದಲ್ಲಿ ಹಾಕಿದರೂ ಪೊದೆಯಾಗಿ ಬೆಳೆದು ಬೇಗ ಕಾಯಿ ಬಿಡುತ್ತವೆ. ಆ ತಳಿಯ ಲೇಬಲ್ ತಂದು ಈ ಬೀಜಕ್ಕೆ ಅಂಟಿಸಿದ್ದಾರೆ, ಅಷ್ಟೇ.

ಅಕ್ಟೋಬರ್ ಕೊನೆಗೆ ಹೂ ಬಂತು. ಅದರಲ್ಲೂ ಒಂದು ತಮಾಷೆ. ಕತ್ತಲ ಮೂಲೆಯ ಮೂರು ಬಳ್ಳಿ ಮೊದಲು ಬಿಟ್ಟವು, ಬೀದಿದೀಪದ ಬೆಳಕು ಬೀಳುವ ಕಡೆ ಇದ್ದದ್ದು ಎರಡು ವಾರ ತಡ. ಪಾಪ, ಅದಕ್ಕೆ ರಾತ್ರಿಯೇ ಆಗಿರಲಿಲ್ಲ ಅಲ್ವಾ.

ಹೂಗೊಂಚಲಿಗೆ ಕಪ್ಪು ಹೇನು ಮುತ್ತಿತು, ಹಿಂದೆಯೇ ಇರುವೆ. ಪೈಪಿನ ನೀರು ಜೋರಾಗಿ ಬಿಟ್ಟು ತೊಳೆದೆ, ಆಮೇಲೆ ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ಚೂರು ಸೋಪು ಸೇರಿಸಿ ಸಿಂಪಡಿಸಿದೆ. ಕಾಯಿಕೊರಕ ಹುಳು ಮಾತ್ರ ಕೈಯಲ್ಲೇ ಆರಿಸಿ ತೆಗೆಯಬೇಕಾಯಿತು.

ಡಿಸೆಂಬರ್ ಮಧ್ಯದಲ್ಲಿ ಮೊದಲ ಸಲ ಕಿತ್ತೆ. ಬೆಳಗ್ಗೆ ಏಳು ಗಂಟೆ, ಕಾಯಿ ಮೇಲೆಲ್ಲ ಮಂಜಿನ ಹನಿ. ಹತ್ತು ಕಾಯಿ ಕೀಳುವಷ್ಟರಲ್ಲಿ ಬೆರಳಿಗೆ ಜಿಡ್ಡು ಹತ್ತಿತು. ಅದೇ ಸೊಗಡು. ಸೋಪು ಹಾಕಿ ಎರಡು ಸಲ ತೊಳೆದರೂ ಮಧ್ಯಾಹ್ನದವರೆಗೂ ಕೈಯಲ್ಲಿ ವಾಸನೆ ಇತ್ತು. ಕಾಳು ಬಲಿತು ಕಾಯಿ ಉಬ್ಬಿರಬೇಕು, ಆದರೆ ಸಿಪ್ಪೆ ಹಸಿರಾಗಿಯೇ ಇರಬೇಕು, ಆಗ ಕೀಳಿ. ನಾಲ್ಕು ಬಳ್ಳಿಯಿಂದ ಜನವರಿ ಕೊನೆವರೆಗೆ ಒಟ್ಟು ಮೂರೂವರೆ ಕೆಜಿ ಕಾಯಿ. ಜಾಸ್ತಿ ಏನಲ್ಲ, ಆ ತಿಂಗಳಲ್ಲಿ ರಸ್ತೆ ಬದಿ ರಾಶಿ ರಾಶಿ ಮಾರುತ್ತಾರೆ. ಆದರೆ ಕಿತ್ತು ಒಂದು ಗಂಟೆಯೊಳಗೆ ಒಗ್ಗರಣೆಗೆ ಬಿದ್ದ ಅವರೆಕಾಳಿನ ರುಚಿಯೇ ಬೇರೆ. ಎರಡನೇ ಕೊಯ್ಲನ್ನು ರಾತ್ರಿ ನೆನೆಹಾಕಿ ಬೆಳಗ್ಗೆ ಹಿದುಕಿದೆವು. ಹೆಬ್ಬೆರಳಲ್ಲಿ ಒತ್ತಿದರೆ ಬೇಳೆ ಪಿಚಕ್ ಅಂತ ಹಾರಿ ಗೋಡೆಗೆ ಬಡಿಯುತ್ತಿತ್ತು, ಮಕ್ಕಳಿಗೆ ಅದೇ ಆಟ. ಅರ್ಧ ಬೇಳೆ ಸೋಫಾ ಕೆಳಗೆ, ಉಳಿದದ್ದು ಸಾರಿಗೆ. ಮುದ್ದೆ ಜೊತೆ ಮುಗಿಯಿತು.

ಹೋದ ವರ್ಷ ಅದೇ ಪ್ಯಾಕೆಟ್ಟಿನಲ್ಲಿ ಉಳಿದದ್ದನ್ನು ಆಗಸ್ಟ್ ಮೊದಲ ವಾರ ಬಿತ್ತಿದೆ. ಏಳೆಂಟು ಕಾಳಿಗೆ ಹುಳು ತೂತು ಹಾಕಿತ್ತು, ಮಿಕ್ಕವು ಸರಿಯಾಗಿ ಹುಟ್ಟಿದವು. ಬಳ್ಳಿ ಪಕ್ಕದ ಮನೆಗೆ ಹೋಗಲಿಲ್ಲ, ನೀರಿನ ಖರ್ಚು ಅರ್ಧ, ಕಾಯಿ ಬಂದದ್ದು ಮಾತ್ರ ಅದೇ ಡಿಸೆಂಬರ್‌ನಲ್ಲಿ.

ಹಾಗಾಗಿ ಈ ಬೀಜ ಧಾರಾಳವಾಗಿ ತಗೊಳ್ಳಿ, ಜುಲೈ-ಆಗಸ್ಟ್‌ನಲ್ಲಿ ಹಾಕಿ, ದೀಪದ ಕಂಬದಿಂದ ದೂರ ಹಾಕಿ. ಬೇಸಿಗೆಯಲ್ಲೇ ಅವರೆ ಬೇಕು ಅನ್ನುವವರು ಹೆಬ್ಬಾಳದ ತಳಿ ನೋಡಿಕೊಳ್ಳಿ, ನನ್ನ ನಾಲಿಗೆಗೆ ಅದರಲ್ಲಿ ಸೊಗಡು ಕಮ್ಮಿ. ನಾನಂತೂ ಇನ್ನು ಕೊಳ್ಳುವುದಿಲ್ಲ. ಒಂದು ಬಳ್ಳಿಯ ಕಾಯನ್ನು ಕೀಳದೆ ಒಣಗಲು ಬಿಟ್ಟಿದ್ದೆ, ಆ ಕಾಳು ಬೂದಿ ಬೆರೆಸಿ ಹಾರ್ಲಿಕ್ಸ್ ಬಾಟಲಿಯಲ್ಲಿದೆ. ಅತ್ತೆ ಅದರಲ್ಲೂ ಒಂದು ಹಿಡಿ ತೆಗೆದುಕೊಂಡು ಹೋಗಿದ್ದಾರೆ.