ಹೆಣೆದ ಓಟದ ಶೂ: ನವೆಂಬರ್‌ನಿಂದ ಜುಲೈವರೆಗೆ

ಕಳೆದ ನವೆಂಬರ್‌ನಲ್ಲಿ ಶಿವಮೊಗ್ಗದ ನೆಹರೂ ರಸ್ತೆಯ ಅಂಗಡಿಯೊಂದರಲ್ಲಿ ಕೊಂಡ ಹೆಣಿಗೆಯ ಓಟದ ಶೂಗಳನ್ನು ವಾರಕ್ಕೆ ನಾಲ್ಕು ದಿನದಂತೆ ಈ ಜುಲೈವರೆಗೆ ಬಳಸಿದ್ದೇನೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರಿನ ಕಡೆಗೆ ಬೆಳಗಿನ ಓಟ, ಊರಿಗೆ ಹೋದಾಗ ತೋಟದ ಅಂಚಿನ ಮಣ್ಣುದಾರಿ, ಎರಡನ್ನೂ ಸೇರಿಸಿದರೆ ಸುಮಾರು 600 ಕಿಲೋಮೀಟರ್ ಆಗಿದೆ. ಮೇ ಕೊನೆಯವರೆಗೆ ಇದಕ್ಕಿಂತ ಹಿತವಾದ ಶೂವನ್ನು ನಾನು ಧರಿಸಿರಲಿಲ್ಲ. ಮಳೆ ಹಿಡಿದ ಮೇಲೆ ಅದೇ ಶೂವಿನ ಬಗ್ಗೆ ಅಷ್ಟು ನಿಶ್ಚಿಂತೆಯಿಂದ ಹೇಳಲಾರೆ.

ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲಿ ನೈಕಿಯ ಫ್ಲೈನಿಟ್ ಮತ್ತು ಅಡಿಡಾಸ್‌ನ ಪ್ರೈಮ್‌ನಿಟ್ ಬಂದ ಮೇಲೆ ಇಂಥ ಶೂಗಳು ಎಲ್ಲೆಡೆ ಹರಡಿದವು. ತುಂಡು ತುಂಡಾದ ಬಟ್ಟೆಯನ್ನು ಹೊಲಿದು ಜೋಡಿಸುವ ಬದಲು, ಸ್ವೆಟರ್‌ನಂತೆ ಪಾಲಿಯೆಸ್ಟರ್ ನೂಲಿನ ಕುಣಿಕೆಗಳಿಂದ ಮೇಲ್ಭಾಗವನ್ನು ಹೆಣೆಯುವುದರಿಂದ ಒಳಗಡೆ ಹೊಲಿಗೆಗಳು ಕಡಿಮೆ, ಉಜ್ಜುವ ಅಂಚುಗಳೂ ಕಡಿಮೆ. ಚಿಕ್ಕಂದಿನಿಂದ ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಬೆರಳುಗಳು ಅಗಲವಾಗಿ ಹರಡಿಕೊಂಡಿರುವ ನನ್ನಂಥವರಿಗೆ ಇದು ದೊಡ್ಡ ಅನುಕೂಲ. ಹಳೆಯ ಶೂಗಳಲ್ಲಿ ತಪ್ಪದೆ ಬೊಬ್ಬೆ ಏಳುತ್ತಿದ್ದ ಕಿರುಬೆರಳು ಈ ಎಂಟು ತಿಂಗಳಲ್ಲಿ ಒಮ್ಮೆಯೂ ನೋಯಲಿಲ್ಲ.

ಆದರೆ ಹಿಗ್ಗುವ ಗುಣವೇ ಕೊಳ್ಳುವಾಗ ದಾರಿ ತಪ್ಪಿಸುತ್ತದೆ. ಅಂಗಡಿಯ ಹುಡುಗ ಒಂದು ಅಳತೆ ಚಿಕ್ಕದನ್ನು ಮುಂದಿಟ್ಟು, "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸಾರ್" ಎಂದ. ಹೆಣಿಗೆ ಅಗಲಕ್ಕೆ ಸಡಿಲವಾಗುವುದು ನಿಜ, ಆದರೆ ಕೆಳಗಿನ ಸೋಲ್ ಉದ್ದವಾಗುವುದಿಲ್ಲ. ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಬಡಿದು ಉಗುರು ಕಪ್ಪಾಗುವುದು ಇಂಥ ಆಯ್ಕೆಯಿಂದಲೇ. ಪಾದ ತುಸು ಊದಿಕೊಂಡಿರುವ ಸಂಜೆಯ ಹೊತ್ತಿನಲ್ಲಿ, ಓಡುವಾಗ ಹಾಕುವ ಕಾಲ್ಚೀಲವನ್ನೇ ಹಾಕಿಕೊಂಡು ಹೋಗಿ, ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನಷ್ಟು ಜಾಗ ಉಳಿಯುತ್ತದೆಯೇ ಎಂದು ನೋಡಬೇಕು. ಅದಕ್ಕಿಂತಲೂ ಮುಖ್ಯವಾದುದು ಹಿಮ್ಮಡಿಯ ಹಿಡಿತ. ಹಿಂಭಾಗವನ್ನು ಬೆರಳಿನಿಂದ ಒತ್ತಿದಾಗ ಅದು ಕಾಲ್ಚೀಲದಂತೆ ಪೂರ್ತಿ ಮಡಚಿಕೊಂಡರೆ ನಾನು ಅಂಥದನ್ನು ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಮಲೆನಾಡಿನ ತಿರುವು ರಸ್ತೆಗಳಲ್ಲಿ ಪಾದವು ಸೋಲ್‌ನ ಮೇಲೆಯೇ ಪಕ್ಕಕ್ಕೆ ಸರಿಯುತ್ತದೆ. ಅಂಗಡಿಯಲ್ಲಿಯೇ ನಾಲ್ಕು ಹೆಜ್ಜೆ ಎಡಬಲಕ್ಕೆ ಜಿಗಿದು ನೋಡಲು ಸಂಕೋಚಪಡಬಾರದು.

ತೂಕದ ವಿಷಯದಲ್ಲಿಯೂ ಒಂದು ಮಾತು. ನನ್ನ ಶೂ ಒಂದಕ್ಕೆ 240 ಗ್ರಾಂನಷ್ಟಿದೆ, ದಿನನಿತ್ಯದ ಅಭ್ಯಾಸಕ್ಕೆ ಅದು ಸಾಕಷ್ಟು ಹಗುರ. ಇನ್ನೂ ಹಗುರವಾದವು ಸಿಗುತ್ತವೆ, ಆದರೆ ಆ ತೂಕ ಎಲ್ಲಿ ಕಡಿಮೆಯಾಗಿದೆ ಎಂದು ಶೂವನ್ನು ಮಗುಚಿ ನೋಡಿದರೆ ತಿಳಿಯುತ್ತದೆ: ಎಷ್ಟೋ ಸಲ ರಬ್ಬರ್ ಇರುವುದು ಹಿಮ್ಮಡಿಯಲ್ಲಿ ಮತ್ತು ಮುಂತುದಿಯಲ್ಲಿ ಮಾತ್ರ, ನಡುವೆ ಬರಿಯ ಫೋಮ್. ಡಾಂಬರಿನ ಮೇಲೆ ಇದು ನಡೆಯುತ್ತದೆ. ಜಂಬಿಟ್ಟಿಗೆಯ ಹರಳು ಹರಡಿದ ದಾರಿಯಲ್ಲಿ ನನ್ನ ಶೂವಿನ ನಡುಭಾಗ ಮೂರೇ ತಿಂಗಳಲ್ಲಿ ಕಿತ್ತು ಹೋಗತೊಡಗಿತು.

ಬೇಸಿಗೆಯಲ್ಲಿ ಗಾಳಿಯಾಡುವ ಹೆಣಿಗೆಯ ಮೂಲಕ ಕೆಂಪು ಧೂಳೂ ಒಳಗೆ ಬರುತ್ತದೆ, ಉತ್ತರಾಣಿಯ ಬೀಜಗಳು ಅಂಟಿಕೊಳ್ಳುತ್ತವೆ. ನಾಚಿಕೆ ಮುಳ್ಳು ಸಿಕ್ಕಿ ಕುಣಿಕೆಯೊಂದು ಹೊರಗೆ ಎದ್ದರೆ ಅದನ್ನು ಕತ್ತರಿಸಬಾರದು. ಸೂಜಿಯಿಂದ ಮೆಲ್ಲಗೆ ಒಳಕ್ಕೆ ಎಳೆದುಕೊಂಡರೆ ಹೆಣಿಗೆ ಬಿಚ್ಚಿಕೊಳ್ಳದೆ ಉಳಿಯುತ್ತದೆ.

ಇನ್ನು ಮಳೆ. ಜೂನ್‌ನ ಜಿಟಿಜಿಟಿ ಮಳೆಯಲ್ಲಿ ಅರ್ಧ ಗಂಟೆ ಓಡಿ ಬಂದು ತೂಗಿದಾಗ ಪ್ರತಿ ಶೂ 330 ಗ್ರಾಂ ದಾಟಿತ್ತು, ಅಂದರೆ ಹಗುರವೆಂದು ಹಣ ಕೊಟ್ಟಿದ್ದು ಆ ಅರ್ಧ ಗಂಟೆಯಲ್ಲಿ ಇಲ್ಲವಾಗಿತ್ತು. ಒದ್ದೆಯಾದ ಹೆಣಿಗೆ ಸಡಿಲಗೊಂಡು ಹಿಮ್ಮಡಿ ಮೇಲೆ ಕೆಳಗೆ ಜಾರುತ್ತದೆ, ಪಾಚಿ ಹಿಡಿದ ಕಲ್ಲಿನ ಮೇಲೆ ಸೋಲ್ ನಿಲ್ಲುವುದೇ ಇಲ್ಲ. ನಮ್ಮ ಮನೆಗಳಲ್ಲಿ ಮಳೆಗಾಲದ ಬಟ್ಟೆಯನ್ನೆಲ್ಲ ಬಚ್ಚಲೊಲೆಯ ಮೇಲೆ ಹರವುವುದು ರೂಢಿ. ನಾನೂ ಒಂದು ರಾತ್ರಿ ಶೂಗಳನ್ನು ಒಲೆಯ ಕಟ್ಟೆಯ ಮೇಲಿಟ್ಟೆ, ಬೆಳಿಗ್ಗೆ ಬಲಗಾಲಿನ ಸೋಲ್‌ನ ಅಂಟು ತುದಿಯಲ್ಲಿ ಬಿಟ್ಟಿತ್ತು. ಆ ಬಿಸಿಯನ್ನು ಅಂಟೂ ಫೋಮೂ ತಡೆಯುವುದಿಲ್ಲ. ಒಳ ಅಟ್ಟೆಯನ್ನು ಹೊರತೆಗೆದು, ಹಳೆಯ ಪತ್ರಿಕೆಗಳನ್ನು ಉಂಡೆ ಮಾಡಿ ತುಂಬಿ, ಗಂಟೆಗೊಮ್ಮೆ ಬದಲಾಯಿಸಿ ಫ್ಯಾನಿನ ಕೆಳಗೆ ಇಡುವುದೇ ಸರಿ. ಆದರೂ ಇಲ್ಲಿಯ ತೇವದಲ್ಲಿ ಮರುದಿನ ಬೆಳಗಿಗೆ ಪೂರ್ತಿ ಒಣಗುವುದಿಲ್ಲವಾದ್ದರಿಂದ, ದಿನವೂ ಓಡುವವರು ಈ ಜಿಲ್ಲೆಯಲ್ಲಿ ಒಂದೇ ಜೋಡಿಯನ್ನು ನಂಬಿಕೊಂಡು ಕೂರುವಂತಿಲ್ಲ.

ಓಟದ ಶೂಗಳ ಬಾಳಿಕೆ 500ರಿಂದ 800 ಕಿಲೋಮೀಟರ್ ಎಂಬ ಸಾಮಾನ್ಯ ಲೆಕ್ಕಕ್ಕೆ ನನ್ನವೂ ಹತ್ತಿರ ಬಂದಿವೆ. ಹಿಮ್ಮಡಿಯ ಫೋಮ್ ಕುಗ್ಗಿ, ಓಟದ ನಂತರ ಮೀನಖಂಡ ಹಿಡಿದುಕೊಳ್ಳತೊಡಗಿದೆ. ಮಳೆಗಾಲ ಮುಗಿಯುವವರೆಗೆ ದಪ್ಪ ರಬ್ಬರಿನ, ಮೆಶ್‌ನ ಹಳೆಯ ಜೋಡಿಯಲ್ಲಿ ಓಡುತ್ತೇನೆ. ದೀಪಾವಳಿಯ ಹೊತ್ತಿಗೆ ಮತ್ತೆ ಹೆಣೆದ ಶೂವನ್ನೇ ಕೊಳ್ಳುವವನಿದ್ದೇನೆ, ಈ ಸಲ ಸೋಲ್‌ನ ನಡುಭಾಗಕ್ಕೂ ರಬ್ಬರ್ ಇರುವ, 20 ಗ್ರಾಂ ಹೆಚ್ಚು ತೂಗಿದರೂ ಸರಿ ಎನ್ನುವಂಥದನ್ನು.