ಗುಂಯ್ ಸದ್ದು ನಿಲ್ಲಿಸಲು ಅರ್ಥ್ ಪಿನ್ ಕೀಳಬೇಡಿ

ಗಿಟಾರ್ ಆಂಪ್ (ಆಂಪ್ಲಿಫೈಯರ್) ಗುಂಯ್‌ಗುಡುತ್ತಿದ್ದರೆ 'ಪ್ಲಗ್ಗಿನ ಮೂರನೇ ಪಿನ್ನಿಗೆ, ಅಂದರೆ ಅರ್ಥ್ ಪಿನ್ನಿಗೆ ಟೇಪ್ ಸುತ್ತು, ಸರಿಹೋಗುತ್ತೆ' ಎನ್ನುವವರು ಸಿಕ್ಕೇ ಸಿಗುತ್ತಾರೆ. ಎಷ್ಟೋ ಸಲ ಸದ್ದು ನಿಲ್ಲುವುದೂ ನಿಜ. ಅದಕ್ಕೇ ಈ ಕೆಟ್ಟ ಉಪಾಯ ಇನ್ನೂ ಸತ್ತಿಲ್ಲ.

ಗಿಟಾರಿನ ತಂತಿಗಳು ಬ್ರಿಡ್ಜ್ (ತಂತಿಗಳು ಕೂರುವ ಲೋಹದ ಭಾಗ), ಕೇಬಲ್ಲಿನ ಹೊರಜಾಲರಿಯ ಮೂಲಕ ಆಂಪಿನ ಲೋಹದ ಚಾಸಿಗೆ (ಚೌಕಟ್ಟಿಗೆ) ಸೇರಿರುತ್ತವೆ. ಒಳಗೆ ಇನ್ಸುಲೇಶನ್ ಕೆಟ್ಟು ಕರೆಂಟು ಚಾಸಿಗೆ ತಾಗಿದರೆ, ಅರ್ಥಿಂಗ್ ಇದ್ದಾಗ ಫ್ಯೂಸ್ ಹಾರುತ್ತದೆ. ಇಲ್ಲದಿದ್ದರೆ ಫ್ಯೂಸಿಗೆ ಸುಳಿವೇ ಸಿಗದು. ಆಂಪ್ ಎಂದಿನಂತೆ ನುಡಿಯುತ್ತಲೇ ಇರುತ್ತದೆ. ಕೈ ತಂತಿಯ ಮೇಲಿರುವಾಗ ತುಟಿ ಅರ್ಥಿಂಗ್ ಇರುವ ಮೈಕಿಗೆ ತಾಗಿದರೆ ಕರೆಂಟು ಎದೆಯ ಮೂಲಕವೇ ಹಾಯುತ್ತದೆ. 1972ರಲ್ಲಿ ಗಿಟಾರ್ ವಾದಕ ಲೆಸ್ ಹಾರ್ವೆ ವೇಲ್ಸಿನ ಸ್ವಾನ್ಸೀಯಲ್ಲಿ ವೇದಿಕೆಯ ಮೇಲೇ ಪ್ರಾಣ ಬಿಟ್ಟರು. ಅಲ್ಲಿ ಅರ್ಥಿಂಗ್ ಇಲ್ಲದ್ದು ಮೈಕಿಗೆ. ಆಂಪಿಗೆ ಇಲ್ಲದಿದ್ದರೂ ಆಗುವುದು ಅದೇ.

ಸದ್ದಿನ ಮೂಲ ಹುಡುಕಲು ಮೊದಲು ಆಂಪಿನಿಂದ ಗಿಟಾರ್ ಕೇಬಲ್ ಎಳೆದುಬಿಡಿ. ಸದ್ದು ನಿಂತರೆ ತೊಂದರೆ ಹೊರಗಿದೆ: ಕೇಬಲ್, ಪೆಡಲ್ ಅಥವಾ ಪಿಕಪ್ (ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ, ಗಿಟಾರಿನಲ್ಲಿರುವ ಕಾಯಿಲ್). ಗಿಟಾರ್ ಹಿಡಿದು ದಿಕ್ಕು ಬದಲಿಸಿದಂತೆ ಸದ್ದು ಏರಿಳಿದರೆ ಸಿಂಗಲ್ ಕಾಯಿಲ್ ಪಿಕಪ್ ಹತ್ತಿರದ ಟ್ರಾನ್ಸ್‌ಫಾರ್ಮರಿನದೋ ಲೈಟಿನ ಡಿಮ್ಮರಿನದೋ ಸದ್ದು ಹಿಡಿಯುತ್ತಿದೆ, ದೂರ ಸರಿಯಿರಿ. ತಂತಿ ಮುಟ್ಟಿದಾಗ ಸದ್ದು ತಗ್ಗುವುದು ಮಾಮೂಲು. ಕೈಗೆ ಜುಮ್ಮೆಂದರೆ ಮಾತ್ರ ಅದು ಮಾಮೂಲಲ್ಲ, ಬೇರೇನೂ ಮುಟ್ಟದೆ ಗೋಡೆಯ ಸ್ವಿಚ್ ಆರಿಸಿ.

ಒಂದೇ ಗಿಟಾರಿಗೆ ಎರಡು ಆಂಪ್ ಜೋಡಿಸಿದಾಗಷ್ಟೇ ಸದ್ದು ಬಂದರೆ ಗ್ರೌಂಡ್ ಲೂಪ್: ಎರಡೂ ಆಂಪಿನ ಅರ್ಥ್ ತಂತಿಗಳು ಕೇಬಲ್ಲಿನ ಮೂಲಕವೂ ಸೇರಿ ಒಂದು ಸುತ್ತು ಆಗಿರುತ್ತದೆ. ಜನ ಪಿನ್ ಕೀಳುವುದು ಹೆಚ್ಚಾಗಿ ಇಲ್ಲೇ. ಎರಡಕ್ಕೂ ಒಂದೇ ಬೋರ್ಡಿನಿಂದ ಕರೆಂಟು ಕೊಡಿ. ಆಗಲೂ ಉಳಿದರೆ ಒಂದು ಆಂಪಿನ ಸಿಗ್ನಲ್ ದಾರಿಯಲ್ಲಿ 1:1 ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ಲೂಪ್ ಅಲ್ಲೇ ಕಡಿಯುತ್ತದೆ, ಮೇನ್ಸ್ ಅರ್ಥಿಂಗ್ ಹಾಗೇ ಉಳಿಯುತ್ತದೆ.

ಕೇಬಲ್ ತೆಗೆದು ವಾಲ್ಯೂಮ್ ಸೊನ್ನೆಗಿಳಿಸಿದರೂ ಸದ್ದು ಹಾಗೇ ಇದ್ದರೆ ಪವರ್ ಸಪ್ಲೈ ಮೇಲೆ ಅನುಮಾನ. ಹಳೆಯ ಫಿಲ್ಟರ್ ಕೆಪಾಸಿಟರ್ ಒಣಗಿದ್ದರೆ 50 ಹರ್ಟ್ಸ್ ಮೇನ್ಸಿನಲ್ಲಿ ಸಾಮಾನ್ಯವಾಗಿ 100 ಹರ್ಟ್ಸ್ ಗುಂಯ್ ಕೇಳುತ್ತದೆ. ಹಾಗೆಂದು ಸ್ಕ್ರೂಡ್ರೈವರ್ ಹಿಡಿದು ಕೂರಬೇಡಿ. ವಾಲ್ವ್ (ಗಾಜಿನ ಟ್ಯೂಬ್) ಆಂಪಿನ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ 400 ವೋಲ್ಟ್ ಹಿಡಿದಿಟ್ಟಿರಬಹುದು. ಆ ಕೆಲಸ ಟೆಕ್ನಿಷಿಯನ್ನಿಗೆ ಬಿಡಿ.

ಸೆಕೆಂಡ್‌ಹ್ಯಾಂಡ್ ಆಂಪ್ ಕೊಂಡವರು ಪ್ಲಗ್ ಹೊರಗಿಟ್ಟು, ಅರ್ಥ್ ಪಿನ್ನಿಗೂ ಚಾಸಿಯ ಬಣ್ಣವಿಲ್ಲದ ಸ್ಕ್ರೂವಿಗೂ ಓಮ್‌ಗೆ ಇಟ್ಟ ಮಲ್ಟಿಮೀಟರ್ ಹಿಡಿಯಿರಿ. 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಮೀಟರ್ ಅಲ್ಲಾಡದಿದ್ದರೆ ಯಾರೋ ಆಗಲೇ ಒಳಗೆ ಆ ತಂತಿ ಕತ್ತರಿಸಿದ್ದಾರೆ ಅಥವಾ ಅದು ಬಿಟ್ಟುಹೋಗಿದೆ. ಸರಿಮಾಡಿಸುವ ತನಕ ಆನ್ ಮಾಡಬೇಡಿ.