ಕಾರವಾರದಲ್ಲಿ ಹಳೆಯ ಟೂರಿಂಗ್ ಸೈಕಲ್ಲಿನ ಬೇರಿಂಗ್ ಸರ್ವಿಸ್

ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ನನ್ನ ಟೂರಿಂಗ್ ಸೈಕಲ್ಲಿನ ಮುಂದಿನ ಚಕ್ರವನ್ನು ಕಳಚಿ, ಆಕ್ಸಲನ್ನು ಬೆರಳಿನಿಂದ ತಿರುಗಿಸಿದರೆ ಮರಳು ಅರೆದಂತೆ ಕರಕರ ಎನ್ನುತ್ತಿತ್ತು. ಹಿಂದಿನ ಮಾಲೀಕರು ಎರಡು ಮಳೆಗಾಲ ಅದನ್ನು ಅಂಗಳದಲ್ಲೇ ನಿಲ್ಲಿಸಿದ್ದರಂತೆ. ಉಪ್ಪುಗಾಳಿಯ ಕರಾವಳಿಯಲ್ಲಿ ಅಷ್ಟೇ ಸಾಕು. ಸಾಮಾನು ಹೇರಿಕೊಂಡು ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಬೇಕೆಂದಿದ್ದ ನಾನು, ಮೊದಲು ಬೇರಿಂಗುಗಳ ಕೆಲಸ ಮುಗಿಯಲೆಂದು ಕಾರವಾರ ಪೇಟೆಯ ಸಣ್ಣ ಸೈಕಲ್ ಅಂಗಡಿಯೊಂದಕ್ಕೆ ಅದನ್ನು ಒಯ್ದೆ.

ಹಳೆಯ ಗ್ರೀಸಿನ ಮೇಲೆಯೇ ಹೊಸದನ್ನು ತುಂಬಿ ಕಳಿಸುವ ಅಂಗಡಿಗಳನ್ನು ಕಂಡಿದ್ದ ನನಗೆ ಇಲ್ಲಿನ ಮೇಸ್ತ್ರಿಯ ಕೆಲಸ ಬಹಳ ಹಿಡಿಸಿತು. ಅವರು ನೆಲಕ್ಕೆ ಬಟ್ಟೆ ಹಾಸಿ, ತೆಳುವಾದ 13 ಮಿ.ಮೀ. ಪಾನಾದಿಂದ ಕೋನ್ (ಆಕ್ಸಲ್ ಮೇಲೆ ಕೂತು ಗುಂಡುಗಳನ್ನು ಒತ್ತಿ ಹಿಡಿಯುವ ಶಂಕುವಿನಾಕಾರದ ನಟ್ಟು) ಸಡಿಲಿಸಿ, ಗುಂಡುಗಳನ್ನು ಎಣಿಸಿ ಬಟ್ಟಲಿಗೆ ಹಾಕಿದರು: ಮುಂದಿನ ಚಕ್ರದ ಒಂದೊಂದು ಬದಿಗೆ 10, ಹಿಂದಿನದಕ್ಕೆ 9. ಗ್ರೀಸೆಲ್ಲ ತುಕ್ಕು ಬೆರೆತು ಕೆಂಪು ಗಸಿಯಾಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದ ಮೇಲೆ ಕೋನನ್ನು ಬಿಸಿಲಿಗೆ ಹಿಡಿದು, ಗುಂಡು ಓಡುವ ಹೊಳಪಿನ ಪಟ್ಟಿಯಲ್ಲಿದ್ದ ಸೂಜಿಮೊನೆಯಷ್ಟು ಸಣ್ಣ ಗುಳಿಗಳನ್ನು ನನಗೆ ತೋರಿಸಿದರು. “ಇದನ್ನೇ ಹಾಕಿದರೆ ಹೊಸ ಗುಂಡೂ ಹಾಳಾಗ್ತವೆ, ಕೋನ್ ಬದಲಿಸಿಬಿಡಿ” ಎಂದರು. ಹಬ್ಬಿನೊಳಗೆ, ಅಂದರೆ ಚಕ್ರದ ನಡುಭಾಗದೊಳಗೆ, ಒತ್ತಿ ಕೂರಿಸಿರುವ ಕಪ್‌ಗಳು (ಗುಂಡು ಓಡುವ ಲೋಹದ ಬಟ್ಟಲುಗಳು) ಮಾತ್ರ ನುಣುಪಾಗಿಯೇ ಇದ್ದವು. ಅವು ಸವೆದಿದ್ದರೆ ಹಬ್ಬನ್ನೇ ಬದಲಿಸಬೇಕಾಗುತ್ತಿತ್ತು. ಗುಂಡುಗಳು ಅಗ್ಗವಾದ್ದರಿಂದ ಮುಂದೆ 3/16, ಹಿಂದೆ 1/4 ಇಂಚಿನವನ್ನು ಎಲ್ಲವೂ ಹೊಸದಾಗಿಯೇ ಹಾಕಿಸಿದೆ. ದೋಣಿಗಳಿಗೆ ಬಳಸುವ, ನೀರಿಗೆ ಬೇಗ ತೊಳೆದುಹೋಗದ ಗ್ರೀಸನ್ನು ನಾನೇ ಬೈತಖೋಲ ಬಂದರಿನ ಕಡೆಯಿಂದ ತಂದುಕೊಟ್ಟಾಗ ಅವರು ಬೇಸರಿಸದೆ ಅದನ್ನೇ ತುಂಬಿದರು. ಹ್ಯಾಂಡಲ್ಲಿನ ಬೇರಿಂಗನ್ನೂ ಹಾಗೆಯೇ ಮಾಡಿಕೊಟ್ಟರು. ಎರಡೂ ಪೆಡಲುಗಳ ನಡುವಿನ ಆಕ್ಸಲ್ಲಿನ ಬೇರಿಂಗ್ ಸೀಲ್ ಆಗಿರುವ ಬಗೆಯದಾದ್ದರಿಂದ ಅದನ್ನು ಬಿಚ್ಚುವ ಅಗತ್ಯ ಬರಲಿಲ್ಲ.

ಒಂದು ದೂರಿದೆ. ಮನೆಗೆ ಬಂದು ಕ್ವಿಕ್ ರಿಲೀಸ್ (ನಟ್ಟಿನ ಬದಲು ಹಿಡಿಕೆಯೊಂದನ್ನು ಒತ್ತಿ ಚಕ್ರ ಬಿಗಿಯುವ ಕಡ್ಡಿ) ಬಿಗಿದೊಡನೆ ಚಕ್ರ ಭಾರವಾಗಿ ತಿರುಗತೊಡಗಿತು. ಆ ಹಿಡಿಕೆಯನ್ನು ಒತ್ತಿದಾಗ ಟೊಳ್ಳು ಆಕ್ಸಲ್ ಕೂದಲೆಳೆಯಷ್ಟು ಕುಗ್ಗುವುದರಿಂದ, ಚಕ್ರ ಕೈಯಲ್ಲಿರುವಾಗ ಕೋನಿಗೆ ಸ್ವಲ್ಪ ಅಲುಗಾಟ ಬಿಟ್ಟಿರಬೇಕು; ನಟ್ಟಿನ ಸೈಕಲ್ಲುಗಳಿಗೆ ಒಗ್ಗಿದ ಅವರ ಕೈ ಅದನ್ನು ಬಿಟ್ಟಿರಲಿಲ್ಲ. ಮರುದಿನ ಹೇಳಿದಾಗ ಕೂಡಲೇ ಸಡಿಲಿಸಿಕೊಟ್ಟರು, ಹಣ ಕೇಳಲಿಲ್ಲ. ಕ್ವಿಕ್ ರಿಲೀಸ್ ಚಕ್ರ ಒಯ್ಯುವವರು ಇದನ್ನು ಮೊದಲೇ ತಿಳಿಸಿ, ಚಕ್ರವನ್ನು ಬಿಗಿಸಿ ತಿರುಗಿಸಿ ನೋಡಿಯೇ ಹಣ ಕೊಡಿ. ಈಗ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದರೆ, ವಾಲ್ವಿನ ಭಾರಕ್ಕೇ ಅದು ನಿಧಾನವಾಗಿ ತಿರುಗಿ, ವಾಲ್ವ್ ಕೆಳಗೆ ಬಂದು ನಿಲ್ಲುತ್ತದೆ.